ಬುರುಡೆ ಬಿಡುವುದು ಸಾಕು, ಬುರುಡೆ ಬೆಳೆಸೋಣ

ಕನ್ನಡದಲ್ಲಿ ಬುರುಡೆ ಎಂಬ ಮಾತಿಗೆ ಎರಡು ಅರ್ಥ ಉಂಟು. ಒಣಗಿದ ಸೋರೆಕಾಯಿಯ ಟೊಳ್ಳು ಚಿಪ್ಪು ಒಂದು. ಮಾಡದ್ದನ್ನು ಮಾಡಿದೆವೆಂದು ಹೇಳಿಕೊಳ್ಳುವುದು ಇನ್ನೊಂದು. (ತಲೆಬುರುಡೆ ಎಂಬ ಮೂರನೆಯದೂ ಇದೆ, ಅದರೊಳಗೆ ಏನಿದೆ ಎಂಬ ಚರ್ಚೆ ಇಲ್ಲಿ ಬೇಡ.) ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನವೇಲಿನವರೆಗೆ ಹರಡಿರುವ ನಮ್ಮ ಕನ್ನಡ ಸಂಘಗಳಲ್ಲಿ ಎರಡನೆಯ ಜಾತಿಯ ಬುರುಡೆಗೆ ಯಾವ ಕಾಲದಲ್ಲೂ ಬರವಿಲ್ಲ. ಮೊದಲನೆಯದು ಮಾತ್ರ ದೀಪ ಹಿಡಿದು ಹುಡುಕಿದರೂ ಸಿಗದು. ಈ ಲೇಖನವನ್ನು ಮೊದಲನೆಯದರ ಪರವಾಗಿಯೂ ಎರಡನೆಯದರ ವಿರುದ್ಧವಾಗಿಯೂ ಬರೆಯುತ್ತಿದ್ದೇನೆ. ಕೆಲವರಿಗೆ ಮುನಿಸು ಬರಬಹುದು. ಬರಲಿ.

ಯಾವ ಸಂಘದ ವಾರ್ಷಿಕೋತ್ಸವಕ್ಕೆ ಬೇಕಾದರೂ ಹೋಗಿ ನೋಡಿ. ವೇದಿಕೆಯ ಹಿಂದಿನ ಪರದೆಯ ಮೇಲೆ ತಂಬೂರಿ ಹಿಡಿದ ಪುರಂದರದಾಸರ ಚಿತ್ರ. ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿ ಒಂದು ವೀಣೆ. ಮುಖ್ಯ ಅತಿಥಿಗಳಿಗೆ ಕೊಡುವ ಸ್ಮರಣಿಕೆಯೂ ವೀಣೆಯೇ, ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ ಪ್ಲಾಸ್ಟಿಕ್ಕಿನದು. ಅಧ್ಯಕ್ಷರು ಎದ್ದು ನಿಂತು, ದಾಸ ಸಾಹಿತ್ಯವನ್ನೂ ನಾದ ಪರಂಪರೆಯನ್ನೂ ಹೊರನಾಡಿನಲ್ಲಿ ಉಳಿಸಿ ಬೆಳೆಸುತ್ತಿರುವ ಸಂಘ ನಮ್ಮದು ಎಂದು ಹೇಳುತ್ತಾರೆ. ಚಪ್ಪಾಳೆ. ಅದಾದ ಮೇಲೆ ಪುಟ್ಟ ಹುಡುಗಿಯೊಬ್ಬಳು ದೇವರನಾಮ ಹಾಡಲು ಕೂರುತ್ತಾಳೆ. ಆಕೆಯ ತಾಯಿ ಮೊಬೈಲು ಫೋನನ್ನು ಮೈಕಿನ ಬಾಯಿಗೆ ಹಿಡಿಯುತ್ತಾರೆ. ಅದರೊಳಗಿಂದ ಶ್ರುತಿ ಹೊರಡುತ್ತದೆ. ಅಷ್ಟರಲ್ಲಿ ಯಾರದೋ ಕರೆ ಬಂದರೆ ಶ್ರುತಿ ನಿಂತು ಸಿನಿಮಾ ಹಾಡು ಶುರುವಾಗುತ್ತದೆ. ಹುಡುಗಿ ಪಾಪ, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ತಾಯಿಯ ಮುಖ ನೋಡುತ್ತಾಳೆ. ಪರದೆಯ ಮೇಲಿನ ದಾಸರ ಕೈಯಲ್ಲಿ ಮಾತ್ರ ತಂಬೂರಿ ಭದ್ರವಾಗಿದೆ. ಅದು ಫ್ಲೆಕ್ಸಿನದು.

ಇದನ್ನು ನೋಡಿ ನೋಡಿ ಸಾಕಾಗಿ, ನಾನು ಬಲ್ಲ ಒಂದು ಸಂಘದ ಸಮಿತಿ ಸಭೆಯಲ್ಲಿ ಒಂದು ಸೂಚನೆ ಇಟ್ಟೆ. ಈ ವರ್ಷ ನಮ್ಮ ಮನೆಗಳ ಬಾಲ್ಕನಿಗಳಲ್ಲಿ, ಸೊಸೈಟಿಯ ಕಾಂಪೌಂಡುಗಳಲ್ಲಿ ಸೋರೆಬಳ್ಳಿ ಹಬ್ಬಿಸೋಣ. ಕಾಯಿ ಬಲಿತು ಒಣಗಿದ ಮೇಲೆ ಮಕ್ಕಳ ಕೈಯಿಂದಲೇ ಏಕತಾರಿ ಮಾಡಿಸೋಣ. ಮುಂದಿನ ದಾಸರ ಆರಾಧನೆಗೆ ಆ ಮಕ್ಕಳೇ ಅದನ್ನು ಮೀಟಿ ಹಾಡಲಿ ಎಂದೆ. ಸಭೆ ನಕ್ಕಿತು. ಒಬ್ಬರು, "ಮೊಬೈಲಿನಲ್ಲಿ ಧರ್ಮಕ್ಕೆ ಸಿಗುತ್ತದಲ್ಲ ಮಾರಾಯರೇ" ಎಂದರು. ಇನ್ನೊಬ್ಬರು, ಒನ್ ರೂಮ್ ಕಿಚನ್‌ನಲ್ಲಿ ಮನುಷ್ಯರಿಗೇ ಜಾಗವಿಲ್ಲ, ಬಳ್ಳಿಗೆ ಎಲ್ಲಿಂದ ತರುವುದು ಎಂದರು. ಮೂರನೆಯವರು, ವಯಸ್ಸಿನಲ್ಲಿ ಹಿರಿಯರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ತರಕಾರಿ ಬೆಳೆಯಲಿಕ್ಕೋ ನಾವು ಸಂಘ ಕಟ್ಟಿದ್ದು?" ಎಂದು ಕೇಳಿದರು. ವಿಷಯ ಅಲ್ಲಿಗೆ ಮುಗಿದು, ಶಾಲುಗಳ ಬಣ್ಣ ಯಾವುದಿರಬೇಕೆಂಬ ಚರ್ಚೆ ಮುಕ್ಕಾಲು ಗಂಟೆ ನಡೆಯಿತು.

ಆ ಹಿರಿಯರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕೇಳಬೇಕಾದ ಪ್ರಶ್ನೆ.

ನಮ್ಮ ಸಂಗೀತದಿಂದ ಸೋರೆಕಾಯಿಯನ್ನು ತೆಗೆದುಬಿಟ್ಟರೆ ಉಳಿಯುವುದು ಎಷ್ಟು? ಉತ್ತರ ಕರ್ನಾಟಕದ ಹಳ್ಳಿಯ ಗುಡಿಯಲ್ಲಿ ರಾತ್ರಿಯಿಡೀ ತತ್ತ್ವಪದ ಹೇಳುವವರ ಏಕತಾರಿಗೆ ಸೋರೆಬುರುಡೆ. ಹಿಂದೂಸ್ಥಾನಿ ಗವಾಯಿಗಳ ತಂಬೂರಿಗೆ ಬುರುಡೆ. ಸರಸ್ವತಿ ವೀಣೆಯ ಕತ್ತಿನ ಕೆಳಗೆ ತೂಗುವುದು ಬುರುಡೆ. ಕಿನ್ನರಿ ಜೋಗಿಗಳು ಹೆಗಲ ಮೇಲೆ ಹೊತ್ತು ಭಾರತದ ಕಥೆ ಹೇಳುತ್ತಿದ್ದ ಕಿನ್ನರಿಗೆ ಒಂದಲ್ಲ, ಮೂರು ಬುರುಡೆ. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವ ತನ್ನ 'ಸಂಗೀತ ರತ್ನಾಕರ'ದಲ್ಲಿ ಕಿನ್ನರಿಯ ಬಗೆಗಳನ್ನು ವರ್ಣಿಸಿದ್ದಾನೆ. ಅವನಿದ್ದದ್ದು ಯಾದವರ ದೇವಗಿರಿಯಲ್ಲಿ, ಅಂದರೆ ಇಂದಿನ ಮಹಾರಾಷ್ಟ್ರದಲ್ಲಿಯೇ. ಬಸವಣ್ಣನವರ ಕಾಲದ ಶರಣರಲ್ಲಿ ಒಬ್ಬರ ಹೆಸರೇ ಕಿನ್ನರಿ ಬೊಮ್ಮಯ್ಯ. ಇನ್ನು ನಮ್ಮ ಕರಾವಳಿಯ ಮಹನೀಯರು, ಇದು ಘಟ್ಟದ ಮೇಲಿನವರ ವಿಷಯ ಎಂದು ಪುಟ ಮಗುಚಬೇಡಿ. ನಿಮ್ಮ ಯಕ್ಷಗಾನಕ್ಕೆ ಹಾರ್ಮೋನಿಯಂ ಬರುವ ಮೊದಲು ಶ್ರುತಿ ಕೊಡುತ್ತಿದ್ದದ್ದು ಪುಂಗಿ. ಅದೂ ಬುರುಡೆಯೇ. ಪುಂಗಿ ಹೋಗಿ ಹಾರ್ಮೋನಿಯಂ ಬಂತು, ಹಾರ್ಮೋನಿಯಂ ಹೋಗಿ ಶ್ರುತಿಪೆಟ್ಟಿಗೆ ಬಂತು, ಈಗ ಪೆಟ್ಟಿಗೆಯೂ ಹೋಗಿ ಭಾಗವತರ ಮುಂದೆ ಮೊಬೈಲು ಬಂದಿದೆ. ಹೋದದ್ದು ಯಾವುದಕ್ಕೂ ಯಾರೂ ಶ್ರದ್ಧಾಂಜಲಿ ಸಭೆ ಮಾಡಲಿಲ್ಲ.

ತಂಜಾವೂರಿನ ತಂಬೂರಿಗೆ ಹಲಸಿನ ಮರ, ಬುರುಡೆಯಲ್ಲ ಎಂದು ಪಂಡಿತರೊಬ್ಬರು ಪತ್ರ ಬರೆಯುವುದು ಖಂಡಿತ. ಹೌದು ಸ್ವಾಮೀ, ಹಲಸಿನ ಮರವೇ. ಹಲಸಿನ ಮರವನ್ನು ಬಾಲ್ಕನಿಯಲ್ಲಿ ಬೆಳೆಯಿರಿ ಎಂದು ನಾನು ಹೇಳುತ್ತಿಲ್ಲ.

ತರಕಾರಿ ಬೆಳೆಯಲಿಕ್ಕೋ ಸಂಘ ಕಟ್ಟಿದ್ದು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ತೋರಿಸಲಿಕ್ಕೆ ಮಾತ್ರವೋ ಕಟ್ಟಿದ್ದು? ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿರಿಯ ತಲೆಮಾರು ನಾಟಕದ ಪರದೆಯನ್ನು ತಾನೇ ಬರೆಯಿತು, ವೇಷದ ಕಿರೀಟವನ್ನು ತಾನೇ ಕಟ್ಟಿತು. ಹಣವಿರಲಿಲ್ಲ, ಆದ್ದರಿಂದ ಕೈಯಿತ್ತು. ಈಗ ಹಣ ಬಂದಿದೆ, ಕೈ ಹೋಗಿದೆ. ನಾವು ಕೊಳ್ಳುವ ಜನವಾಗಿದ್ದೇವೆ. ಕೊಂಡದ್ದನ್ನು ನಮ್ಮ ಸಂಸ್ಕೃತಿ ಎಂದು ಕರೆಯುತ್ತೇವೆ.

ಆ ಕೊಳ್ಳುವುದಾದರೂ ಸರಿಯಾಗಿ ನಡೆಯುತ್ತಿದೆಯೇ? ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಂಬೂರಿಯ ಬುರುಡೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಗೊತ್ತಿರುವುದಿಲ್ಲ.

ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವವರು ಸೊಲ್ಲಾಪುರಕ್ಕೆ ಮೊದಲು ಕುರ್ಡುವಾಡಿ ಎಂಬ ಜಂಕ್ಷನ್ ದಾಟುತ್ತಾರೆ. ಬಹುಮಂದಿ ಅದನ್ನು ಗಮನಿಸುವುದಿಲ್ಲ. ಅಲ್ಲಿಂದ ಕವಲೊಡೆಯುವ ಹಳಿ ಪಂಢರಪುರದ ಮೇಲೆ ಹಾದು ಮಿರಜಿಗೆ ಹೋಗುತ್ತದೆ. ತಂಬೂರಿಯ ಜೀವನವೆಲ್ಲ ಆ ಒಂದು ಹಳಿಯ ಮೇಲೆಯೇ ಇದೆ. ಬುರುಡೆ ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಸುತ್ತಿನ ಭೀಮಾ ತೀರದ ಹೊಲಗಳಲ್ಲಿ; ಅದು ತಂಬೂರಿಯಾಗುವುದು ಮಿರಜಿನಲ್ಲಿ. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ಕಾನಡಾ ಎಂದು ಕರೆದಿದ್ದಾರೆ. ಮಂಗಳವೇಢೆ ಎಂದರೆ ಬಿಜ್ಜಳನ ಮಂಗಳವಾಡ, ಬಸವಣ್ಣನವರು ಕರಣಿಕರಾಗಿದ್ದ ಊರು. ಹೀಗಿರುವಾಗ ಈ ಬುರುಡೆಯನ್ನು ಪರರ ನೆಲದ ಬೆಳೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಬುರುಡೆಯ ಕಾಯಿ ನಾವು ವಾಶಿ ಮಾರ್ಕೆಟ್ಟಿನಿಂದ ತರುವ ದೂಧಿಯ ಕುಲದ್ದೇ, ಆದರೆ ಗಾತ್ರ ಬೇರೆ, ಗುಣ ಬೇರೆ. ಮೂರು ನಾಲ್ಕು ಅಡಿ ಸುತ್ತಳತೆ, ಗಟ್ಟಿ ಚಿಪ್ಪು, ನಾಲಗೆಗೆ ಕಹಿ. ತಿನ್ನಲು ಬಾರದು, ಹಸುವಿಗೆ ಹಾಕಲು ಬಾರದು. ನಾದಕ್ಕೆ ಬಿಟ್ಟರೆ ಬೇರೆ ಉಪಯೋಗವಿಲ್ಲ. ಬಲಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು, ನೆಲಕ್ಕೆ ತಾಗಿದ ಕಡೆ ಕೊಳೆಯದಂತೆ ನೋಡಿಕೊಳ್ಳಬೇಕು, ಆಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ಒಡೆದರೆ ಹೋಯಿತು, ಡೊಂಕಾದರೆ ಹೋಯಿತು, ಒಳಗೆ ಹುಳ ಬಿದ್ದರೆ ಹೋಯಿತು. ಮಿರಜಿನವರು ಅದನ್ನು ಆರಿಸಿ ತಂದು, ಕೊರೆದು, ನೀರಿನಲ್ಲಿ ನೆನೆಸಿ, ಬಾಯಿ ಕುಗ್ಗದಂತೆ ಒಳಗೆ ಕಡ್ಡಿಗಳನ್ನು ಕೊಟ್ಟು ಒಣಗಿಸಿ, ಮರದ ದಂಡಿಗೆ ಕೂಡಿಸುತ್ತಾರೆ.

ಮಿರಜಿನ ಈ ಕಸುಬು ಹುಟ್ಟಿದ ಬಗೆಯೂ ಕೇಳಬೇಕಾದದ್ದು. ಅವರು ಶಿಕಲಗಾರರು, ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುವವರು. ಇಂಗ್ಲಿಷರ ಆಳಿಕೆ ಬಂದು ಕತ್ತಿಗೆ ಕೆಲಸವಿಲ್ಲದಂತಾದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬರೆಂಬ ಶಿಕಲಗಾರರು ಸಿತಾರ್ ತಂಬೂರಿಗಳ ಕಡೆ ತಿರುಗಿದರು. ಹೊಟ್ಟೆಪಾಡಿಗೆ ಕಸುಬು ಬದಲಾಯಿಸಿದವರು ನಾವು ಮಾತ್ರ ಅಲ್ಲ. ಆದರೆ ಅವರು ಆಯುಧದಿಂದ ವಾದ್ಯಕ್ಕೆ ಬಂದರು. ಖಾನ್‌ಸಾಹೇಬ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದ ಮೇಲೆ ಆ ಊರಿನ ಹೆಸರು ಇನ್ನೂ ಏರಿತು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಆ ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಈ ಮಹನೀಯರ ಹೆಸರು ಹೇಳುವಾಗ ನಮ್ಮ ಸಂಘಗಳ ಎದೆ ಒಂದು ಗೇಣು ಉಬ್ಬುತ್ತದೆ. ಅವರ ಬೆನ್ನ ಹಿಂದೆ ನಾಲ್ಕು ತಂತಿಗಳಲ್ಲಿ ಮಿಡಿಯುತ್ತಿದ್ದದ್ದನ್ನು ಬೆಳೆದವನು ಯಾರು, ಕೊರೆದವನು ಯಾರು ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

೧೯೮೦ರಲ್ಲಿ ಭೀಮೆಗೆ ಉಜನಿಯ ಅಣೆಕಟ್ಟು ಮುಗಿಯಿತು. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಇದರಲ್ಲಿ ರೈತನ ತಪ್ಪು ಏನೂ ಇಲ್ಲ. ಕಬ್ಬಿಗೆ ಕಾರ್ಖಾನೆ ಇದೆ, ದರ ಕಟ್ಟಲು ಸರಕಾರ ಇದೆ, ಕೂಗಾಡಲು ಪುಢಾರಿಗಳಿದ್ದಾರೆ. ಬುರುಡೆಗೆ ಇರುವುದು ಬೆರಳೆಣಿಕೆಯ ಗಿರಾಕಿಗಳು. ಅವರೂ ಬಂದು ನೂರರಲ್ಲಿ ಚೆನ್ನಾದದ್ದನ್ನು ಆರಿಸಿ ಉಳಿದದ್ದನ್ನು ಹೊಲದಲ್ಲೇ ಬಿಟ್ಟು ಹೋಗುತ್ತಾರೆ. ಮಿರಜಿನ ಸಿತಾರಿಗೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸಂತೋಷ. ಆದರೆ ಸರಕಾರದ ಮುದ್ರೆ ತಂಬೂರಿಯನ್ನು ನಕಲಿಯಿಂದ ಕಾಯಬಹುದು, ಗಿರಾಕಿಯನ್ನು ಹುಟ್ಟಿಸಲಾರದು. ಗಿರಾಕಿ ಎಂದರೆ ನಾವು. ನಾವೆಲ್ಲಿದ್ದೇವೆ? ಮೊಬೈಲನ್ನು ಮೈಕಿಗೆ ಹಿಡಿದುಕೊಂಡು ಕೂತಿದ್ದೇವೆ.

ಇನ್ನು ಆ ಮೊಬೈಲಿನ ವಾದ. ಯಂತ್ರದ ಶ್ರುತಿಯನ್ನು ನಾನು ಬಯ್ಯುವುದಿಲ್ಲ. ಅದನ್ನು ೧೯೭೦ರ ದಶಕದಲ್ಲಿ ಮಾಡಿ ಕೊಟ್ಟವರಲ್ಲಿ ಮುಖ್ಯರು ನಮ್ಮ ಬೆಂಗಳೂರಿನವರೇ, ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್. ಲೋಕಲ್ ಗಾಡಿಯಲ್ಲಿ ತಂಬೂರಿ ಹೊತ್ತು ಹೋಗಲಾಗದ ಸಂಗೀತದ ಟೀಚರಿಗೆ, ಎರಡು ಕೋಣೆಯ ಮನೆಯಲ್ಲಿ ಬೆಳಗಿನ ಸಾಧನೆ ಮಾಡುವ ವಿದ್ಯಾರ್ಥಿಗೆ ಅದು ದೊಡ್ಡ ಉಪಕಾರ ಮಾಡಿದೆ. ನನ್ನ ತಕರಾರು ಬೇರೆ. ಗುಂಡಿ ಒತ್ತಿದ ಕೂಡಲೇ ಶುದ್ಧ ಷಡ್ಜ ಬರುವ ಮನೆಯಲ್ಲಿ ಬೆಳೆದ ಮಗುವಿಗೆ ಅಶುದ್ಧ ಷಡ್ಜ ಎಂದರೇನೆಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ತಂತಿ ಸಡಿಲಾಗಬೇಕು, ಕಿವಿಗೆ ಕಿರಿಕಿರಿಯಾಗಬೇಕು, ಬಿರಡೆ ತಿರುಗಿಸಬೇಕು, ಹೆಚ್ಚು ತಿರುಗಿಸಿ ತಂತಿ ಕಡಿದುಹೋಗಿ ಬೆರಳಿಗೆ ಚುರಕ್ ಎನ್ನಬೇಕು. ಕುದುರೆಯ ಮೇಲೆ ಒಂದು ನೂಲಿನ ಎಳೆಯನ್ನು ತಂತಿಯ ಕೆಳಗೆ ಕೂದಲಷ್ಟು ಆಚೀಚೆ ಸರಿಸಿದಾಗ ಬೋಳು ನಾದ ತಟ್ಟನೆ ಜೇಂಕಾರವಾಗುತ್ತದಲ್ಲ, ಮಿರಜಿನವರು ಜವಾರಿ ಎನ್ನುವುದು, ಅದನ್ನು ಒಮ್ಮೆ ತನ್ನ ಕೈಯಿಂದಲೇ ಮಾಡಿದ ಮಗುವಿನ ಕಿವಿ ಮತ್ತೆ ಹಳೆಯ ಕಿವಿಯಲ್ಲ. ಅದಕ್ಕೆ ವಿದ್ವಾಂಸರ ತಂಬೂರಿಯೇ ಬೇಕೆಂದಿಲ್ಲ. ಅಂಗೈಯಗಲದ ಏಕತಾರಿ ಸಾಕು.

ಅಮೆರಿಕಕ್ಕೆ ಸರಪಳಿ ಹಾಕಿ ಒಯ್ದ ಆಫ್ರಿಕದ ಜನರ ಸಂಗತಿ ಓದಿದ್ದೀರಿ. ಅವರಿಗೆ ಊರಿನಿಂದ ಒಂದು ಗಂಟು ಮೂಟೆ ತರಲೂ ಬಿಡಲಿಲ್ಲ. ಭಾಷೆ ಕಿತ್ತರು, ಹೆಸರು ಕಿತ್ತರು. ಆದರೂ ಆ ಪರದೇಶದ ತೋಟಗಳಲ್ಲಿ ಅವರು ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿ ತಮ್ಮೂರಿನ ವಾದ್ಯ ಮಾಡಿಕೊಂಡರು. ಇಂದು ಲೋಕವೆಲ್ಲ ಬಲ್ಲ ಬ್ಯಾಂಜೊ ಹುಟ್ಟಿದ್ದು ಆ ಬುರುಡೆಯಿಂದ. ಗುಲಾಮಗಿರಿಯಲ್ಲಿ ಹೋದವರು ಅಷ್ಟು ಮಾಡಿದರು. ನಾವು ಸಂಬಳಕ್ಕೆ ಬಂದವರು, ವರ್ಷಕ್ಕೆರಡು ಸಲ ಊರಿಗೆ ಹೋಗಿ ಬರುವವರು, ಬರುವಾಗ ಹಪ್ಪಳ, ಸಂಡಿಗೆ, ಕೊಬ್ಬರಿ ಎಣ್ಣೆ, ಕುಚ್ಚಲಕ್ಕಿ ಎಲ್ಲ ತರುವವರು. ನಾಲ್ಕು ಸೋರೆಬೀಜ ಮಾತ್ರ ಭಾರವಾಯಿತು!

ಇಷ್ಟು ದೂರ ಹೋಗುವುದೂ ಬೇಡ. ನಾವಿರುವ ಈ ಥಾಣೆ ಸೀಮೆಯನ್ನೇ ನೋಡಿ. ೨೦೧೪ರ ಆಗಸ್ಟ್ ೧ರಂದು ಪಾಲಘರ್ ಬೇರೆಯಾಗುವವರೆಗೆ ಜವ್ಹಾರ, ಮೋಖಾಡ, ಡಹಾಣು, ತಲಾಸರಿ ಎಲ್ಲವೂ ಥಾಣೆ ಜಿಲ್ಲೆಯೇ. ಅಲ್ಲಿನ ವಾರಲಿ ಜನರ ತಾರಪಾ ಎಂಬ ವಾದ್ಯ ಯಾವುದರಿಂದ ಆದದ್ದು? ಒಣಗಿದ ಸೋರೆಬುರುಡೆ, ಎರಡು ಬಿದಿರಿನ ಕೊಳವೆ, ತುದಿಗೆ ತಾಳೆಗರಿಯ ಕಹಳೆ. ಉಸಿರು ಕಡಿಯದಂತೆ ಊದುತ್ತ ನಡುವೆ ಒಬ್ಬನು ನಡೆಯುತ್ತಾನೆ. ಸುತ್ತಲೂ ಕೈಕೈ ಹಿಡಿದು ಊರೆಲ್ಲ ಸುರುಳಿಯಾಗಿ ಕುಣಿಯುತ್ತದೆ. ಎಲ್ಲೋ ನೋಡಿದಂತಿದೆಯಲ್ಲವೇ? ನಿಮ್ಮ ಹಾಲ್‌ನ ಗೋಡೆಯ ಮೇಲೆಯೇ ಇದೆ. ಜಿವ್ಯಾ ಸೋಮಾ ಮಶೆಯವರು ಲೋಕಪ್ರಸಿದ್ಧಗೊಳಿಸಿದ ವಾರಲಿ ಚಿತ್ರ ಇಂದು ನಮ್ಮ ಸೀರೆಯ ಸೆರಗಿನ ಮೇಲೆ, ಚಹದ ಕಪ್ಪಿನ ಮೇಲೆ, ಸೊಸೈಟಿಯ ಗೇಟಿನ ಮೇಲೆ. ಆ ಸುರುಳಿಯ ನಡುವೆ ನಿಂತವನ ಕೈಯಲ್ಲಿರುವುದು ಏನೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಒಂದು ಸಲ ಒಬ್ಬ ತಾರಪಾ ವಾದಕರನ್ನು ನಮ್ಮ ವೇದಿಕೆಗೆ ಕರೆದು ಪಕ್ಕದಲ್ಲಿ ಒಬ್ಬ ತತ್ತ್ವಪದಕಾರರನ್ನು ಕೂರಿಸಿದ್ದರೆ, ಮರಾಠಿ ಕನ್ನಡಗಳ ಸೌಹಾರ್ದದ ಬಗ್ಗೆ ನಾವು ಮಾಡುವ ಹತ್ತು ಭಾಷಣ ಉಳಿಯುತ್ತಿತ್ತು.

ಈಗ ಜಾಗದ ಮಾತು. ಇದು ಪುಸ್ತಕದ ಬದನೆಕಾಯಿ ಎಂದು ಯಾರೂ ತಳ್ಳಿಹಾಕಬಾರದೆಂದು ಬೆಳೆಯುವ ಕ್ರಮವನ್ನೇ ಹೇಳಿಬಿಡುತ್ತೇನೆ. ಪಂಢರಪುರದ ಗಾತ್ರದ ಕಾಯಿ ಡೊಂಬಿವಲಿಯ ಗ್ರಿಲ್ಲಿನಲ್ಲಿ ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಏಕತಾರಿಗೆ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಗುಂಡು ಕಾಯಿ ಸಾಕು.

ಎಲ್ಲಕ್ಕಿಂತ ಮುಖ್ಯ ಕಾಲ. ಊರಿನಲ್ಲಿ ಅಜ್ಜಿ ಮಳೆ ಬಿದ್ದ ಕೂಡಲೇ ಬೀಜ ಹಾಕುತ್ತಿದ್ದಳೆಂದು ಇಲ್ಲಿಯೂ ಜೂನ್ ತಿಂಗಳಲ್ಲಿ ಹಾಕಿದರೆ ಸಾರಿಗೆ ಕಾಯಿ ಸಿಕ್ಕೀತು, ಬುರುಡೆ ಸಿಗದು. ವರ್ಷಕ್ಕೆ ಸುಮಾರು ಎರಡೂವರೆ ಮೀಟರ್ ಮಳೆ ಸುರಿಯುವ ಸೀಮೆ ಇದು. ಚಪ್ಪಲಿಗೇ ಬೂಷ್ಟು ಹಿಡಿಯುವಲ್ಲಿ ಬುರುಡೆ ಒಣಗುವುದುಂಟೇ? ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಡುವಿನಲ್ಲಿ ಬಿತ್ತಬೇಕು. ಡಿಸೆಂಬರಿನ ಹೊತ್ತಿಗೆ ಹೂ, ಫೆಬ್ರವರಿ ಮಾರ್ಚಿಗೆ ಬಲಿತ ಕಾಯಿ, ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿಗೆ ಒಣಗುವಿಕೆ. ಮುಂದಿನ ಮಳೆ ಬರುವಷ್ಟರಲ್ಲಿ ಬುರುಡೆ ಕೈಯಲ್ಲಿರಬೇಕು.

ಬಣ್ಣದ ಖಾಲಿ ಡಬ್ಬಿ, ಇಪ್ಪತ್ತು ಲೀಟರಿನದು, ತಳಕ್ಕೆ ನಾಲ್ಕು ತೂತು. ಅರ್ಧ ಮಣ್ಣು, ಅರ್ಧ ಕಳಿತ ಸಗಣಿ ಗೊಬ್ಬರ. ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೆನೆಹಾಕಬೇಕು. ಡಬ್ಬಿಗೊಂದೇ ಬಳ್ಳಿ, ಎರಡು ಎಂದು ಆಸೆಪಟ್ಟರೆ ಎರಡೂ ಕೆಡುತ್ತವೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಬಾಲ್ಕನಿಯವರು ಈ ಸಾಹಸಕ್ಕೆ ಕೈ ಹಾಕಬೇಡಿ, ನೆರೆಯವರಿಗೆ ಬೀಜ ಕೊಟ್ಟು ಪುಣ್ಯ ಕಟ್ಟಿಕೊಳ್ಳಿ. ಸೋರೆಯ ಬಿಳಿ ಹೂ ಅರಳುವುದು ಸಂಜೆಗೆ. ಊರಿನಲ್ಲಿ ರಾತ್ರಿ ಪತಂಗಗಳು ಬಂದು ಆ ಕೆಲಸ ಮಾಡುತ್ತವೆ; ನಾಲ್ಕನೆಯ ಮಾಳಿಗೆಗೆ ಅವು ಬಂದಾವೆಂದು ನಂಬುವಂತಿಲ್ಲ. ಆದ್ದರಿಂದ ಆಫೀಸಿನಿಂದ ಬಂದವರು ಚಹ ಕುಡಿದು, ಉದ್ದ ತೊಟ್ಟಿನ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಎಳೆ ಮಿಡಿ ಇರುವ ಹೆಣ್ಣು ಹೂವಿಗೆ ಸವರಬೇಕು. ಮಕ್ಕಳಿಗೆ ಹೇಳಿದರೆ ಮೊಬೈಲು ಬಿಟ್ಟು ಓಡಿ ಬಂದು ಮಾಡುತ್ತಾರೆ. ಮಿಡಿಗೆ ನೊಣ ಚುಚ್ಚದಂತೆ ತೆಳು ಬಟ್ಟೆಯ ಚೀಲ ಕಟ್ಟಿ. ಎಲೆಯ ಮೇಲೆ ಬೂದಿಯಂಥದು ಕಂಡರೆ ಆ ಎಲೆ ಕಿತ್ತುಬಿಡಿ. ಬಳ್ಳಿಗೆ ಎರಡೇ ಕಾಯಿ ಉಳಿಸಿ ಉಳಿದದ್ದನ್ನು ಎಳೆಯದಿರುವಾಗಲೇ ಕೊಯ್ದು ಪಲ್ಯ ಮಾಡಿ. ಕಾಯಿ ತೂಕಕ್ಕೆ ಬಂದಾಗ ಬಲೆಚೀಲದಲ್ಲಿಟ್ಟು ಗ್ರಿಲ್ಲಿಗೆ ಕಟ್ಟಲು ಮರೆತರೆ ಸೊಸೈಟಿಯ ಸೆಕ್ರೆಟರಿಯೊಡನೆ ವ್ಯಾಜ್ಯ ಖಂಡಿತ.

ಆಮೇಲೆ ಬರುವುದು ತಾಳ್ಮೆಯ ಪರೀಕ್ಷೆ. ತೊಟ್ಟು ಒಣಗಿ ಕಂದಾಗುವವರೆಗೆ ಕೊಯ್ಯಬಾರದು. ಕೊಯ್ದ ಮೇಲೆ ಗಾಳಿಯಾಡುವ ಕಡೆ ತೂಗುಹಾಕಿ. ಸಿಪ್ಪೆಯ ಮೇಲೆ ಬೂಷ್ಟು ಬಂದರೆ ಗಾಬರಿ ಬೇಡ, ಒರೆಸಿ. ಮೆತ್ತಗಾಗಿ ನೀರು ಜಿನುಗಿದರೆ ಮಾತ್ರ ಎಸೆಯಿರಿ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವ ದಿನ ಬುರುಡೆ ಸಿದ್ಧ. ಆಗ ಒದ್ದೆ ಬಟ್ಟೆ ಸುತ್ತಿಟ್ಟು, ನಾರಿನಿಂದ ತಿಕ್ಕಿ ಮೇಲಿನ ಪೊರೆ ತೆಗೆದು, ಹ್ಯಾಕ್ಸಾ ಬ್ಲೇಡಿನಿಂದ ಮುಖ ಕೊರೆಯಬೇಕು. ಕೊರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಳಗಿನ ಧೂಳು ಎದೆಗೆ ಒಳ್ಳೆಯದಲ್ಲ. ಇನ್ನೊಂದು ಎಚ್ಚರಿಕೆ: ಬಾಯಿಗಿಟ್ಟಾಗ ಕಹಿಯೆನಿಸಿದ ಸೋರೆಯನ್ನು ಎಳೆಯದಾದರೂ ತಿನ್ನಬಾರದು, ಅದರ ರಸವನ್ನಂತೂ ಆರೋಗ್ಯಕ್ಕೆಂದು ಕುಡಿಯಲೇಬಾರದು. ಅದು ವಿಷ, ಆಸ್ಪತ್ರೆಗೆ ಸೇರಿದವರಿದ್ದಾರೆ.

ಬುರುಡೆಯ ಎರಡು ಬದಿಗೆ ತೂತು ಮಾಡಿ ಎರಡೂವರೆ ಅಡಿಯ ಬಿದಿರಿನ ಕೋಲು ತೂರಿಸಿ. ಮುಖಕ್ಕೆ ತಬಲಾ ರಿಪೇರಿ ಮಾಡುವವರಲ್ಲಿ ಸಿಗುವ ಆಡಿನ ಚರ್ಮ ಬಿಗಿಯಬಹುದು. ಬೇಡವೆನ್ನುವವರು ತೆಳು ಪ್ಲೈವುಡ್ಡಿನ ಬಿಲ್ಲೆ ಅಂಟಿಸಬಹುದು. ಕುದುರೆಗೆ ತೆಂಗಿನ ಚಿಪ್ಪಿನ ಚೂರು. ಮೇಲೆ ಒಂದು ಮರದ ಬಿರಡೆ, ಒಂದು ಉಕ್ಕಿನ ತಂತಿ. ಇಷ್ಟೇ. ಮೊದಲ ಸಲ ಮಾಡಿದ್ದು ಕೇಳಲು ಸೊಳ್ಳೆಯ ದನಿಯಂತಿರುತ್ತದೆ. ಮೂರನೆಯದು ಹಾಡಿಗೆ ಒದಗುತ್ತದೆ.

ಜಾಗವಿಲ್ಲ ಎಂದವರಿಗೆ ಇಷ್ಟು ಸಾಕೆಂದು ಭಾವಿಸುತ್ತೇನೆ. ಸಮಯವಿಲ್ಲ ಎನ್ನುವವರಿಗೆ ನನ್ನ ಬಳಿ ಉತ್ತರವಿದೆ, ಆದರೆ ಅವರು ವಾಟ್ಸಾಪಿನಲ್ಲಿ ಎಷ್ಟು ಹೊತ್ತು ಇರುತ್ತಾರೆಂದು ಅಚ್ಚಿನಲ್ಲಿ ಬರೆಯುವುದು ಸಭ್ಯತೆಯಲ್ಲ. ನಿವೃತ್ತರಿದ್ದಾರೆ, ಮಹಿಳಾ ವಿಭಾಗದ ತಾಯಂದಿರಿದ್ದಾರೆ, ಪ್ರತಿ ಶನಿವಾರ ತಪ್ಪದೆ ಸೇರುವ ಭಜನಾ ಮಂಡಳಿಗಳಿವೆ. ಸೋರೆಗೆ ನಾವು ಒಬ್ಬ ಅಧ್ಯಕ್ಷರನ್ನೂ ಇಬ್ಬರು ಉಪಾಧ್ಯಕ್ಷರನ್ನೂ ಆರಿಸದೆ ಇದ್ದರೆ ಕೆಲಸ ಬೇಗ ಆಗುತ್ತದೆ.

ಉಳಿದದ್ದು ಹಣದ ವಿಷಯ. ಒಂದು ವಾರ್ಷಿಕೋತ್ಸವಕ್ಕೆ ನಾವು ಕೊಳ್ಳುವ ಶಾಲು, ಹಾರ, ಫಲಪುಷ್ಪ, ಪ್ಲಾಸ್ಟಿಕ್ ವೀಣೆಗಳ ಲೆಕ್ಕವನ್ನು ಖಜಾಂಚಿಗಳು ಓದುವಾಗ ಯಾರೂ ಕೇಳಿಸಿಕೊಳ್ಳುವುದಿಲ್ಲ. ಈ ಸಲ ಕೇಳಿಸಿಕೊಳ್ಳಿ. ಶಾಲು ಹೊದೆಸಿಕೊಂಡವರು ಮನೆಗೆ ಹೋಗಿ ಅದನ್ನು ಏನು ಮಾಡುತ್ತಾರೆಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ಅದೇ ಶಾಲು ಮುಂದಿನ ವರ್ಷ ಇನ್ನೊಂದು ಸಂಘದ ವೇದಿಕೆಯಲ್ಲಿ ಇನ್ನೊಬ್ಬರ ಹೆಗಲ ಮೇಲೆ ಕಂಡರೂ ಆಶ್ಚರ್ಯವಿಲ್ಲ. ಮುಂದಿನ ಸರ್ವಸಾಧಾರಣ ಸಭೆಗೆ ನಾನು ಎರಡು ಠರಾವು ಬರೆದು ಕೊಡುತ್ತೇನೆ. ಒಂದು, ಬರುವ ವರ್ಷದ ಸನ್ಮಾನದ ಬಾಬ್ತನ್ನು ಹಾಗೆಯೇ ಎತ್ತಿ ಮಿರಜಿನ ಒಂದು ಜೋಡಿ ತಂಬೂರಿಗೆ ಕೊಡುವುದು; ಅದನ್ನು ಅಂಚೆಯಲ್ಲಿ ತರಿಸದೆ, ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಿ, ಮಾಡುವವರ ಕೈಕೆಲಸ ತೋರಿಸಿ, ದಾರಿಯಲ್ಲಿ ಪಂಢರಪುರದ ಬಳಿ ಬುರುಡೆಯ ಹೊಲ ತೋರಿಸಿ ತರುವುದು. ಎರಡು, ವಿಜಯದಶಮಿಯಂದು ಸಂಘದ ಕಚೇರಿಯಲ್ಲಿ ಶ್ರುತಿಪೆಟ್ಟಿಗೆಗೆ ಕುಂಕುಮ ಹಚ್ಚಿ ಮುಗಿಸುವುದರ ಬದಲು ಸೋರೆಬೀಜ ಹಂಚುವುದು. ಮೊದಲನೆಯದು ಬಿದ್ದುಹೋಗುತ್ತದೆಂದು ನನಗೆ ಗೊತ್ತು. ಶಾಲಿನ ಪಕ್ಷ ದೊಡ್ಡದು. ಎರಡನೆಯದಕ್ಕೆ ಖರ್ಚಿಲ್ಲ, ವಿರೋಧಿಸುವವರು ಕಾರಣ ಹೇಳಬೇಕಾಗುತ್ತದೆ.

ಬೀಜ ಎಲ್ಲಿಂದ ಎಂದು ಕೇಳುವಿರಿ. ಅಂಗಡಿಯ ಹೈಬ್ರಿಡ್ ದೂಧಿಯ ಬೀಜ ಉದ್ದ ಕಾಯಿಗೆ, ತೆಳು ಚಿಪ್ಪಿಗೆ, ಅದು ಬೇಡ. ಈ ಸಲ ಊರಿಗೆ ಹೋದವರು ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಅಟ್ಟದ ಮೇಲೆ ಹುಡುಕಿ. ಬಿಜಾಪುರದ ಕಡೆಯವರು ಹಾಲಗುಂಬಳ ಎಂದು ಕೇಳಿ, ಮಂಗಳೂರು ಉಡುಪಿಯವರು ತುರೆ ಎಂದು ಕೇಳಿ, ಮೈಸೂರಿನವರು ಗುಂಡುಸೋರೆ ಎಂದು ಕೇಳಿ. ಹಿಂದೆ ಮಕ್ಕಳು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಲ್ಲ, ಆ ಸೋರೆಬುರುಡೆ ಇನ್ನೂ ಕೆಲವು ಮನೆಗಳ ಮೂಲೆಯಲ್ಲಿ ಬಿದ್ದಿದೆ. ಒಡೆಯಬೇಡಿ. ತೊಟ್ಟಿನ ಕಡೆ ಸಣ್ಣ ತೂತು ಮಾಡಿ ಬೀಜ ಸುರಿದುಕೊಳ್ಳಿ. ಬೀಜ ತೀರಾ ಹಳೆಯದಾಗಿದ್ದರೆ ಮೊಳೆಯಲಿಕ್ಕಿಲ್ಲ, ಹತ್ತು ಹಾಕಿ ನೋಡಿ. ಹೆಚ್ಚಾದದ್ದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಊರಿನ ಹೆಸರು ಮತ್ತು ಕಾಯಿಯ ಆಕಾರ ಬರೆದು, ನವರಾತ್ರಿಗೆ ಮೊದಲು ಸಂಘದ ಕಚೇರಿಗೆ ತಲುಪಿಸಿ.